ಬಿಸಿ ಮರಳಿನ ಗುಲಾಬಿ

ಪ್ಯಾರಿಸ್, 1761

ಸೆಪ್ಟೆಂಬರ್ 2

ಮರಳು ಕಾಯಿಸಿದೆ. ತೆಳು ಮರದ ಚೂರಿನ ಅಂಚು ಅದರಲ್ಲಿ ಅದ್ದುವುದು, ಹತ್ತೆಣಿಸುವುದು, ತೆಗೆಯುವುದು. ಅಂಚು ಕಂದಿ, ಬೀರಿನ ಮೈಗೆ ಕೂರಿಸುವ ಮರದ ಗುಲಾಬಿ ದಳಕ್ಕೆ ನೆರಳು ಬರುತ್ತದೆ. ಇಪ್ಪತ್ತು ದಳ ಆಯಿತು. ಡ್ರಾಯರ್ ಬೀರು ಚೆನ್ನಾಗಿಯೇ ಏಳುತ್ತಿದೆ — ಉಬ್ಬಿದ ಹೊಟ್ಟೆ, ಬಳುಕಿದ ಕಾಲು, ಮೂಲೆಗಳಿಗೆ ಚಿನ್ನದ ಲೇಪದ ಕಂಚಿನ ಬಳ್ಳಿ. ನನ್ನ ಗ್ರೆಗ್ವಾರ್ ಇದ್ದಿದ್ದರೆ ಕಾಲನ್ನು ಇನ್ನೂ ಬಳುಕಿಸುತ್ತಿದ್ದ. ನೇರ ಗೆರೆ ಕಂಡರೆ ಅವನಿಗಾಗದು.

ಗಂಡ ಸತ್ತರೂ, ಮಾಡಿದ ಬೀರಿನ ಮೇಲೆ ಒತ್ತುವ ಅವನ ಹೆಸರಿನ ಮುದ್ರೆ ಹೆಂಡತಿಗೆ ನಡೆಯುತ್ತದೆ, ಮರುಮದುವೆ ಆಗುವವರೆಗೆ. ಆದರೆ ಬಡಗಿ ಸಂಘದ ಪಂಚರು ಹೋದ ಸಲ ತಪಾಸಣೆಗೆ ಬಂದಾಗಲೇ ಹೇಳಿದ್ದಾರೆ: ಈ ಬೀರು ಒಪ್ಪಿಗೆಯಾಗದಿದ್ದರೆ ಅಂಗಡಿ ಮುಚ್ಚು. ಮುಚ್ಚುವುದಿಲ್ಲ.

ಸೆಪ್ಟೆಂಬರ್ 5

ಮೇಸ್ತ್ರಿ ಲಾಂಬೆರ್ ಇವತ್ತು ಬಾಯಿಬಿಟ್ಟ.

"ಅಮ್ಮಾವ್ರೇ, ನನ್ನ ಮದ್ವೆ ಆಗ್ಬಿಡಿ. ಮುದ್ರೇಲಿ ನನ್ನ ಹೆಸರಿರತ್ತೆ. ನೀವು ಸೂಪ್ ಮಾಡ್ಕೊಂಡು ಆರಾಮಾಗಿರಿ."

"ನಿನ್ನ ಸೂಪು ನೀನೇ ಮಾಡ್ಕೋ."

"ಹೂವೆಲ್ಲ ನೀವೇ ಕೂರಿಸ್ತಿರೋದು ಪಂಚರಿಗೆ ಗೊತ್ತಾದ್ರೆ? ಹೆಂಗಸ್ರು ಉಳಿ ಮುಟ್ಟೋ ಹಾಗಿಲ್ಲ, ನೆನಪಿದೆ ತಾನೆ?"

ಹತಾರ ಕಟ್ಟಿಕೊಂಡು ಹೊರಟೇಹೋದ. ಭಯವಾಯಿತು, ಸುಳ್ಳೇಕೆ. ಇನ್ನು ಒಬ್ಬಳೇ.

ಸೆಪ್ಟೆಂಬರ್ 6

ಥೂ, ನನ್ನ ಬುದ್ಧಿಗಿಷ್ಟು! ಮರದ ಎರಡು ತೆಳು ಹಾಳೆ ಜೋಡಿಸಿ ಕೊಯ್ದು ಒಂದನ್ನು ಮಗುಚಿದರೆ ಎಡ-ಬಲದ ಜೋಡಿ ಹೂ. ಮಗುಚುವ ಮೊದಲೇ ನೆರಳು ಸುಟ್ಟುಬಿಟ್ಟಿದ್ದೇನೆ; ಹೂವಿನ ಜೊತೆ ನೆರಳೂ ಮಗುಚಿತು. ಈಗ ಎಡದ ಗುಲಾಬಿಗೆ ಒಂದು ಕಡೆಯಿಂದ ಬೆಳಕು, ಬಲದ್ದಕ್ಕೆ ಇನ್ನೊಂದು ಕಡೆಯಿಂದ. ಒಂದೇ ಬೀರಿಗೆ ಎರಡು ಸೂರ್ಯ!

ಯಾರೂ ನೋಡಲಿಕ್ಕಿಲ್ಲ... ಪಂಚರು ನೋಡುತ್ತಾರೆ. ಬಲಭಾಗ ಪೂರ್ತಿ ಕಿತ್ತೆ.

ಸೆಪ್ಟೆಂಬರ್ 11

ಮುಗಿಯಿತು. ಬೆರಳ ತುದಿಗೆಲ್ಲ ಬೊಬ್ಬೆ. ಬರೆಯಲಾಗದು.

ಸೆಪ್ಟೆಂಬರ್ 12

ಪಂಚ ಮೆನಾರ್ ಬಂದರು. ಡ್ರಾಯರ್ ಎಳೆದರು, ಉಗುರಿನಿಂದ ತಟ್ಟಿದರು, ಗುಲಾಬಿಯ ಮುಂದೆ ಮಂಡಿಯೂರಿ ಕೂತೇಬಿಟ್ಟರು.

"ಇದು ಯಾರ ಕೈಕೆಲ್ಸ?"

ಲಾಂಬೆರ್ ಹೆಸರು ನಾಲಿಗೆ ತುದಿಗೆ ಬಂತು. ಹೇಳಿದ್ದರೆ ಬಚಾವು. ಹೇಳಲಾಗಲಿಲ್ಲ.

"ನಂದು."

"ಎಲ್ಲಿ, ಕೈ ತೋರ್ಸಮ್ಮ."

ತೋರಿಸಿದೆ. ಬೊಬ್ಬೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಹೆಬ್ಬೆರಳು ಚಾಚಿದರು — ಅಲ್ಲೂ ಸುಟ್ಟ ಕಲೆ, ಹಳೆಯದು.

"ಬೆಣ್ಣೆ ಹಚ್ಕೋ. ನಾನೇನೂ ಕೇಳ್ಲಿಲ್ಲ, ನೀನೇನೂ ಹೇಳ್ಲಿಲ್ಲ."

ಸುತ್ತಿಗೆ ಎತ್ತಿದರು. ಒಂದೇ ಏಟು. ಗ್ರೆಗ್ವಾರ್ ಹೆಸರಿನ ಪಕ್ಕದಲ್ಲೇ ಸಂಘದ ಮುದ್ರೆ.

ಅವರು ಹೋದ ಮೇಲೆ ಗಟ್ಟಿಯಾಗಿಯೇ ಅತ್ತೆ. ಸಾಕು. ನಾಳೆಯಿಂದ ಹೊಸ ಬೀರು. ಈ ಸಲ ಮೊದಲು ಮಗುಚುವುದು, ಆಮೇಲೆ ಸುಡುವುದು — ಅಯ್ಯೋ, ಒಲೆ ಮೇಲಿನ ಅಂಟು ಉಕ್ಕುತ್ತಿದೆ!