ಲಂಡನ್ ದಾರಿಯ ಹತ್ತು ತಾಸು

ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ನಮ್ಮ ನಾಗಪ್ಪ ಕಾಕಾನಿಗೆ,

ರಾಣೆಬೆನ್ನೂರಿನ ನಿನ್ನ ಬೀಜದ ಅಂಗಡಿಗೆ ಹಲಗೇರಿಯ ಮಂಜುನಾಥ ಬಂದು ಕುಳಿತ ಮಧ್ಯಾಹ್ನ ನೆನಪಿದೆಯೇ? ನನ್ನ ಮಗಳು ಸವಿತಾಳನ್ನು ಕೇಳಿಕೊಂಡು ಬಂದ ವರ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನೀನು ಚಹಾ ತರಿಸಿ, ಮೆಲ್ಲಗೆ ವಿಮಾನದ ದಾರಿ ಕೇಳಿದೆ. ಬೆಂಗಳೂರಿನಿಂದ ಎಂಟು ಸಾವಿರ ಕಿಲೋಮೀಟರ್ ಎಂದ. ಬೆಳಿಗ್ಗೆ ಏಳೂವರೆಗೆ ಹತ್ತಿದರೆ ಮಧ್ಯಾಹ್ನ ಒಂದಕ್ಕೆ ಅಲ್ಲಿ. ಬರುವಾಗ ಮಧ್ಯಾಹ್ನ ಎರಡಕ್ಕೆ ಹತ್ತಿದರೆ ಮರುದಿನ ನಸುಕಿನ ಐದೂವರೆಗೆ ಇಲ್ಲಿ.

ನೀನು ಬೆರಳು ಮಡಚಿ ಎಣಿಸಿದೆ. "ಹೋಗಾಕ ಐದೂವರಿ ತಾಸು, ಬರಾಕ ಹದಿನೈದೂವರಿ. ದಾರಿ ಅದ ಐತಿ. ನಡುವ ಹತ್ತು ತಾಸು ಎಲ್ಲಿ ಇಳೀತಿಯೋ ತಮ್ಮಾ?"

"ಅಲ್ಲಿ ಗಡಿಯಾರ ಬ್ಯಾರೆ ಇರತೈತ್ರಿ ಕಾಕಾರ."

"ಗಡಿಯಾರ ಬ್ಯಾರೆ, ಸರಿ. ಹೇಂತಿನೂ ಬ್ಯಾರೆ ಅದಾಳೇನು?"

ಹಾವೇರಿಯ ಆಸ್ಪತ್ರೆಯಲ್ಲಿ ನೀನು ಕೊನೆಯ ಸಲ ನನ್ನ ಕೈ ಹಿಡಿದದ್ದೂ ಇದಕ್ಕೇ. "ಆ ಹತ್ತು ತಾಸಿನ ಪತ್ತೆ ಹತ್ತೂತನಕಾ ಹುಡುಗಿ ಕೊಡಬ್ಯಾಡ. ಮಾತು ಕೊಡು." ಕೊಟ್ಟೆ. ಸಾಯುವವರಿಗೆ ಕೊಟ್ಟ ಮಾತು ತಪ್ಪಿದವರು ಏನಾದರು ಎಂಬ ಕತೆಗಳನ್ನೆಲ್ಲ ಚಿಕ್ಕಂದಿನಲ್ಲಿ ನನ್ನ ತಲೆಗೆ ತುಂಬಿದವನು ನೀನೇ ಅಲ್ಲವೇ...

ಅಂದಿನಿಂದ ನನಗೂ ಸಂಶಯ ಅಂಟಿತು. ಯಾರನ್ನು ಕೇಳಿದರೂ ಗಡಿಯಾರ ಎನ್ನುತ್ತಾರೆ. ಗಡಿಯಾರದ ಮುಳ್ಳು ತಿರುಗಿಸಲು ಎರಡು ಬೆರಳು ಸಾಲದೇ? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲನೊಬ್ಬ ಕಿವಿಯಲ್ಲಿ ಉಸುರಿದ: "ನಡುವ ದುಬೈ ಬರತೈತ್ರಿ. ಅಲ್ಲಿ ಏನರ ಸಂಸಾರ ಹೂಡಿರಬೇಕು ನೋಡ್ರಿ." ಅದನ್ನೇ ಮನೆಯಲ್ಲಿ ಹೇಳಿದೆ. ಸವಿತಾ ಮೂರು ತಿಂಗಳು ನನ್ನ ಜತೆ ಮಾತು ಬಿಟ್ಟಳು. ಆದರೂ ನಾನು ಜಗ್ಗಲಿಲ್ಲ.

ಹೋದ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಕರ್ಜಗಿಯ ನಮ್ಮ ಅಂಗಳದಲ್ಲಿ ಸವಿತಾ ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ಗಡಿಯಾರ ನಂಬಬ್ಯಾಡಪ್ಪಾ. ಸೂರ್ಯಾನ್ನರ ನಂಬತಿ ಹೌದಿಲ್ಲೋ?" ನನ್ನ ನೆರಳು ನನ್ನ ಕಾಲಡಿಯಲ್ಲಿತ್ತು. ಫೋನಿನಲ್ಲಿ ಲಂಡನ್ನಿನಿಂದ ಮಂಜುನಾಥನಿದ್ದ; ಅವನ ಕಿಟಕಿಯಲ್ಲಿ ಸೂರ್ಯ ಆಗಷ್ಟೇ ಎದುರುಮನೆಯ ಮಾಳಿಗೆ ಹತ್ತುತ್ತಿದ್ದ. ಅಲ್ಲಿಯ ಹೊತ್ತು ನಮಗಿಂತ ಐದೂವರೆ ತಾಸು ಹಿಂದೆ, ಕಾಕಾ. ಅದನ್ನು ಸೇರಿಸಿದರೆ ಹೋಗಲು ಹನ್ನೊಂದು ತಾಸು. ಕಳೆದರೆ ಬರಲು ಹತ್ತು.

"ಒಂದು ತಾಸು ಇನ್ನೂ ಉಳೀತಲ್ಲೋ?" ಎಂದೆ.

"ಹೋಗುವಾಗ ಎದುರುಗಾಳಿ ಇರತೈತ್ರಿ ಮಾವಾರ. ನೀವು ಸೈಕಲ್ ತುಳದಿಲ್ಲೇನು?"

"ಇದನ್ನ ಕಾಕಾಗ ಯಾಕ ಬಿಡಿಸಿ ಹೇಳಲಿಲ್ಲೋ?" ಎಂದು ರೇಗಿದೆ.

ಹುಡುಗ ತಡವರಿಸಿದ. "ಅವರಿಗೆ ಗೊತ್ತಿತ್ತಲ್ರಿ. ವಾರಕ್ಕೊಮ್ಮೆ ಫೋನ್ ಮಾಡಿ, 'ನಮ್ಮದು ಊಟದ ಹೊತ್ತಾತು, ನೀ ಎದ್ದೇನೋ?' ಅಂತಿದ್ರು. ನಮ್ಮ ಹುಡುಗಿಗೆ ಅಲ್ಲಿ ಥಂಡಿ ತಡೀತೈತೇನು, ರೊಟ್ಟಿ ಸಿಗತಾವೇನು ಅಂತ ಕೇಳತಿದ್ರು."

ಕಾಕಾ! ಹುಡುಗನ ಸುಳ್ಳು ಹುಡುಕುತ್ತ ನಾನು ಮನಸ್ಸಿನಲ್ಲೇ ದುಬೈ ತನಕ ಹೋಗಿ ಬಂದೆ. ಸುಳ್ಳುಗಾರ ರಾಣೆಬೆನ್ನೂರಿನ ಅಂಗಡಿಯಲ್ಲೇ ಕುಳಿತಿದ್ದನೇ? ಅವಳನ್ನು ಅಷ್ಟು ದೂರ ಕಳಿಸಲಾರೆ ಎಂದು ಬಾಯಿಬಿಟ್ಟು ಹೇಳಲು ನಿನಗೆ... ಇರಲಿ.

ಕೊಟ್ಟ ಮಾತು ನಾನು ಮುರಿದಿಲ್ಲ. ಪತ್ತೆ ಹತ್ತಿದ ಮೇಲೆಯೇ, ಮೊನ್ನೆ ಹಲಗೇರಿಗೆ ಹೋಗಿ ನಿಶ್ಚಯ ಮುಗಿಸಿ ಬಂದೆವು. ಬರುವ ಬಸ್ಸಿನಲ್ಲಿ ಸವಿತಾ ಕೇಳಿದಳು, "ಸಣ್ಣಜ್ಜ ಇದ್ದಿದ್ರ ಈಗರ ಒಪ್ಪತಿದ್ದನೇನಪ್ಪಾ?"

"ಎಲ್ಲಿ ಒಪ್ಪತಾನವ್ವಾ? ಇನ್ನೊಂದು ತಾಸು ಎಲ್ಲಿಂದರ ಹುಡುಕಿ ತಗೀತಿದ್ದ" ಎಂದೆ.

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.