ಆಚೆ ದಡದ ಕಿಟಕಿಗೆ ಗಾಜು ಹಾಕಿದವನು ನಾನು

ಮಾನ್ಯ ವಿದೇಶಾಂಗ ಸಚಿವರೇ,

ನೀವು ನಮ್ಮನ್ನು ನಂಬಿಸಿ ಕೈಬಿಟ್ಟಿದ್ದೀರಿ. ಇದನ್ನು ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ನದಿಯಾಚೆಯ ದೇಶಕ್ಕೆ ನೀವು ಕೊಟ್ಟ ಗಡುವು ಈ ವಾರ ಮುಗಿಯುತ್ತದೆ, ಮುಗಿದ ಮೇಲೆ ವಿಮಾನಗಳು ಹೊರಡುತ್ತವೆ ಎಂದು ನೀವೇ ಘೋಷಿಸಿದ್ದೀರಿ. ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿರಿ. ಸೇತುವೆ ಮುಚ್ಚಿಸಿದಿರಿ. ಭದ್ರತೆಯ ಹೆಸರಿನಲ್ಲಿ ಫೋನ್ ಸಂಪರ್ಕವನ್ನೂ ಕಡಿಸಿದಿರಿ. ಆ ನದಿಯಾಚೆ ನನ್ನ ಮಗಳಿದ್ದಾಳೆ. ಅವಳ ಮದುವೆಗೆ ಮುಖ್ಯ ಅತಿಥಿಯಾಗಿ ಬಂದವರು ತಾವೇ.

ತಮಗೆ ಮರೆತಿರಬಹುದು, ನನಗೆ ಆ ಸೌಲಭ್ಯವಿಲ್ಲ. ನಾನು ಸೇತುವೆಯ ಈಚೆ ತುದಿಯಲ್ಲಿ ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವ ಅಂಗಡಿ ಇಟ್ಟುಕೊಂಡವನು. ಸೇತುವೆ ಆದ ವರ್ಷವೇ ನನ್ನ ಮಗಳು ಆಚೆ ದಡದ ಹುಡುಗನನ್ನು ಮೆಚ್ಚಿದಳು. ಸುದ್ದಿ ಹೇಗೆ ತಿಳಿಯಿತೋ, ನಿಮ್ಮ ಕಚೇರಿಯಿಂದಲೇ ಫೋನ್ ಬಂತು: "ಮಾನ್ಯ ಸಚಿವರು ಬಂದು ಹರಸಬಹುದೇ?" ನಾವು ಹೂಂ ಎಂದೆವು. ನಮ್ಮಂಥವರ ಮನೆ ಮದುವೆಗೆ ಕೆಂಪು ದೀಪದ ಕಾರು ಬರುತ್ತದೆಂದರೆ ಯಾರು ಬೇಡ ಎನ್ನುತ್ತಾರೆ? ನೀವು ಮೈಕು ಹಿಡಿದು ಹೇಳಿದಿರಿ: "ಎರಡು ಮನೆಗಳ ನಡುವೆ ಗೋಡೆ ಇರಬಹುದು, ಆದರೆ ಗೋಡೆಗೊಂದು ದೊಡ್ಡ ಕಿಟಕಿ ಇರಲಿ. ನಾನಿರುವವರೆಗೆ ಆಚೆ ದಡದ ಮೇಲೆ ಈಚೆಯಿಂದ ಒಂದು ಕಲ್ಲೂ ಬೀಳುವುದಿಲ್ಲ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನನ್ನ ಬೀಗರು. ಮುಂದಿನ ಚುನಾವಣೆಯಲ್ಲಿ ನಿಮ್ಮ ನಗುಮುಖದ ಪೋಸ್ಟರನ್ನು ಅಂಗಡಿಯ ಗಾಜಿಗೆ ನಾನೇ ಅಂಟಿಸಿದೆ. ಈಗ ಎಷ್ಟು ಕೆರೆದರೂ ಪೂರ್ತಿ ಬರುತ್ತಿಲ್ಲ. ಹಲ್ಲು ಮಾತ್ರ ಉಳಿದುಕೊಂಡಿದೆ.

ರಾಜಕಾರಣಿಗಳ ಭಾಷಣವನ್ನು ಬುದ್ಧಿ ಇರುವವರು ಊಟದ ಜೊತೆಗೇ ಜೀರ್ಣಿಸಿಕೊಳ್ಳುತ್ತಾರೆ. ನಾನು ಅದನ್ನು ಅಳತೆಪಟ್ಟಿ ಹಿಡಿದು ಜಾರಿಗೆ ತಂದೆ. ಬೀಗರ ಮನೆಯಲ್ಲಿ ಮಗಳ ಕೋಣೆಯ ನದಿ ಕಡೆಯ ಗೋಡೆಯನ್ನು ಒಡೆಸಿ, ಈ ತುದಿಯಿಂದ ಆ ತುದಿಗೆ ಗಾಜು ಕೂರಿಸಿದೆ. ಬೀಗರು ನಕ್ಕರು. "ಇಷ್ಟು ದೊಡ್ಡದು ಯಾಕೆ ಬೀಗರೇ? ನಮ್ಮನೆ ಏನು ಬಟ್ಟೆ ಅಂಗಡೀನಾ?" ನಾನು ಹೇಳಿದೆ, "ಸಚಿವರ ಅಪ್ಪಣೆ ಆಗಿದೆ, ಸುಮ್ನಿರಿ." ಈಗ ಆ ಕಿಟಕಿಯ ಬುಡದಲ್ಲೇ ನನ್ನ ಮೊಮ್ಮಗಳ ತೊಟ್ಟಿಲಿದೆ. ಬೆಳಕು ಚೆನ್ನಾಗಿ ಬರುತ್ತದೆಂದು ಅಲ್ಲಿಟ್ಟಿದ್ದಾರೆ. ಹಾಕಿದ್ದು ಸಾದಾ ಗಾಜು, ಎಲ್ಲರ ಮನೆಗೂ ಹಾಕುವಂಥದ್ದು. ಮೊಮ್ಮಕ್ಕಳು ಆಡುವ ಕೋಣೆಗೆ ಬಾಂಬನ್ನು ನೆನೆಸಿಕೊಂಡು ಯಾರಾದರೂ ಗಾಜು ಆರಿಸುತ್ತಾರೆಯೇ? ನಿಮ್ಮದು "ಸೀಮಿತ ಕಾರ್ಯಾಚರಣೆ"ಯಂತೆ. ಸಂತೋಷ. ಆದರೆ ಗಾಜಿಗೆ ಸೀಮಿತವಾಗಿ ಒಡೆಯುವುದು ಬರುವುದಿಲ್ಲ ಸ್ವಾಮೀ.

ನೀವು ಕೇಳುತ್ತೀರಿ, ಅವರದೇನೂ ತಪ್ಪಿಲ್ಲವೇ ಎಂದು. ಇದೆ. ನಮ್ಮ ಮೀನುಗಾರರನ್ನು ಹಿಡಿದು ಆಚೆ ದಡದ ಜೈಲಿನಲ್ಲಿ ಕೂಡಿಹಾಕಿದ್ದಾರೆ, ಅದು ಅನ್ಯಾಯ. ಆದರೆ ಅವರನ್ನು ಬಿಡಿಸಲು ಅವರಿರುವ ಊರಿನ ಮೇಲೆಯೇ ಬಾಂಬು ಹಾಕುವುದು ಯಾವ ಸೀಮೆಯ ಜಾಣತನ? ಹಾಗೆ ಜೈಲಿನಲ್ಲಿರುವ ಒಬ್ಬನ ಹೆಂಡತಿ ಮೊನ್ನೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಕೈಯಲ್ಲಿ ನಿಮ್ಮ ಹೇಳಿಕೆ ಅಚ್ಚಾದ ಪತ್ರಿಕೆಯಿತ್ತು. "ಅಣ್ಣಾ, ಇದನ್ನ ಸರಿಯಾಗಿ ಓದಿ ಹೇಳಿ. ಇವರು ನಮ್ಮನೆಯವರನ್ನ ಬಿಡಿಸ್ತಾರಾ, ಮುಗಿಸ್ತಾರಾ?" ಎಂದು ಕೇಳಿದಳು. ಎರಡು ಸಲ ಓದಿದೆ. ನನಗೂ ತಿಳಿಯಲಿಲ್ಲ. ತಮಗೆ ತಿಳಿದಿದ್ದರೆ ಆಕೆಗೆ ತಿಳಿಸಿ.

ಮಾತುಕತೆ ವಿಫಲವಾಯಿತು ಎನ್ನುತ್ತೀರಿ. ಎಷ್ಟು ಮಾತಾಡಿದಿರಿ? ಒಂದು ಮಧ್ಯಾಹ್ನ! ನಮ್ಮ ಬೀಗರಿಗೂ ನನಗೂ ಮೊಮ್ಮಗಳ ಹೆಸರಿನ ವಿಷಯಕ್ಕೆ ಇದಕ್ಕಿಂತ ದೊಡ್ಡ ಜಗಳ ಆಗಿತ್ತು. ನನ್ನ ತಾಯಿಯ ಹೆಸರೋ ಅವರ ತಾಯಿಯ ಹೆಸರೋ ಎಂದು ಶುರುವಾಗಿ, ಬರಬಾರದ ಮಾತೆಲ್ಲ ಬಂದು, ಕೊನೆಗೆ ಇಬ್ಬರೂ ಮುಖ ತಿರುಗಿಸಿಕೊಂಡೆವು. ಆಗ ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಒಂದು ಕಾನೂನು ಮಾಡಿದರು: "ಮಾತು ಬಿಡೋದಾದ್ರೆ ಬಿಡಿ. ಆದ್ರೆ ಸಂಜೆ ಹೊತ್ತು ಫೋನ್ ಮಾತ್ರ ಕಟ್ ಮಾಡ್ಬಾರ್ದು. ಮೇಜಿನ ಮೇಲಿಟ್ಟು ನಿಮ್ಮ ನಿಮ್ಮ ಕೆಲಸ ಮಾಡ್ಕೊಳ್ಳಿ." ಆಕೆಯೂ ನನ್ನ ಹೆಂಡತಿಯೂ ಸೇರಿ ಅದನ್ನು ಪಾಲಿಸಿಯೂ ಬಿಟ್ಟರು. ಫೋನು ನನ್ನ ಗಾಜು ಕತ್ತರಿಸುವ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಆಚೆಯಿಂದ ಪಾತ್ರೆಯ ಸದ್ದು, ಮಗುವಿನ ಅಳು, ಬೀಗರ ಕೆಮ್ಮು. ಮನುಷ್ಯನ ಕೆಮ್ಮು ದಿನವೂ ಕೇಳುತ್ತಿದ್ದರೆ ಅವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ, ನಾನು ಪ್ರಯತ್ನಪಟ್ಟು ನೋಡಿದ್ದೇನೆ. ಒಂದು ಸಂಜೆ ಫೋನೊಳಗಿಂದ ದನಿ ಬಂತು:

"ಬೀಗರೇ, ಆ ಕಿರ್ ಅನ್ನೋ ಶಬ್ದ ಸ್ವಲ್ಪ ನಿಲ್ಸ್ತೀರಾ? ಹಲ್ಲು ಜುಮ್ ಅಂತಿದೆ."

"ನೀವು ಮೊದ್ಲು ಆ ಕೆಮ್ಮು ನಿಲ್ಸಿ. ಡಾಕ್ಟರ ಹತ್ರ ಹೋದ್ರಾ ಇಲ್ವಾ?"

ಹೋಗಿರಲಿಲ್ಲ. ಬೈದೆ. ಅವರೂ ಬೈದರು. ಹೆಸರಿನ ಮಾತು ಇನ್ನೂ ಮುಗಿದಿಲ್ಲ. ಮಗು ಈಗಲೂ ಎರಡು ಮನೆಗೂ ಪುಟ್ಟಿಯೇ. ಅದರಿಂದ ಮಗುವಿಗಾಗಲಿ ನಮಗಾಗಲಿ ಏನೂ ಕೊರತೆಯಾಗಿಲ್ಲ. ರಾಜತಾಂತ್ರಿಕತೆ ಎಂದು ನೀವು ಬಾಯಿ ತುಂಬ ಕರೆಯುವುದು ಇದನ್ನೇ ಅಲ್ಲವೇ? ಬಗೆಹರಿಯದಿದ್ದರೂ ಪರವಾಗಿಲ್ಲ, ಎದ್ದು ಹೋಗದೆ ಕೂತಿರುವುದು? ಓದು ಬಾರದ ನನ್ನ ಬೀಗಿತ್ತಿ ಮಾಡಿದ ಕೆಲಸಕ್ಕೆ ಒಂದು ಸಚಿವಾಲಯ, ಅಷ್ಟೊಂದು ಕಾರುಗಳು ಇದ್ದೂ ನಿಮಗೆ ತಾಳ್ಮೆ ಸಾಲದೇ ಹೋಯಿತೇ?

ಇಷ್ಟರ ನಡುವೆ ನನ್ನ ವ್ಯಾಪಾರ ಮಾತ್ರ ಭರ್ಜರಿಯಾಗಿದೆ, ಅದಕ್ಕೆ ಧನ್ಯವಾದ. ಬೀದಿಯವರೆಲ್ಲ ಗಾಜು ಸಿಡಿಯದಂತೆ ಕಿಟಕಿಗಳಿಗೆ ಪಟ್ಟಿ ಅಂಟಿಸಿಕೊಡಿ ಎಂದು ಸಾಲುಗಟ್ಟುತ್ತಾರೆ. ಯುದ್ಧವಾದರೆ ನಾನು ಎರಡು ಮಹಡಿ ಕಟ್ಟಿಸಬಹುದು. ಒಬ್ಬ ಗಿರಾಕಿ ತಮಾಷೆಗೆ ಅದನ್ನೇ ಹೇಳಿದ. ಅವನ ಕೆಲಸ ಅರ್ಧಕ್ಕೆ ಬಿಟ್ಟು ಅಂಗಡಿ ಮುಚ್ಚಿ ಮನೆಗೆ ಹೋದೆ. ಮನೆಯಲ್ಲಿ ನನ್ನ ಹೆಂಡತಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರಿಂದ ಏನೂ ಕೇಳಿಸದೆಂದು ಅವಳಿಗೂ ಗೊತ್ತು.

ನನ್ನ ಆಗ್ರಹ ಇಷ್ಟೇ. ಗಡುವನ್ನು ಹಿಂತೆಗೆದುಕೊಳ್ಳಿ. ರಾಯಭಾರಿಯನ್ನು ನಾಳೆಯೇ ವಾಪಸ್ ಕಳಿಸಿ. ಮೀನುಗಾರರ ಬಿಡುಗಡೆಯ ಮಾತು ರಾಯಭಾರಿಯ ಬಾಯಿಂದ ಬರಲಿ, ವಿಮಾನದ ಹೊಟ್ಟೆಯಿಂದ ಬೇಡ. ಆಚೆಯವರು ಬೈದರೆ ಬೈಯಿಸಿಕೊಳ್ಳಿ, ಸಂಬಳ ಪಡೆಯುವುದು ಅದಕ್ಕೇ. ಎಲ್ಲಕ್ಕಿಂತ ಮೊದಲು, ಕಡಿದ ಫೋನನ್ನು ಜೋಡಿಸಿ. ನನ್ನ ಮಗಳ ಮದುವೆ ಮನೆಯಲ್ಲಿ ನಿಂತು ಕೊಟ್ಟ ಮಾತನ್ನು ನೀವು ಮರೆತಿರಿ ಎಂಬುದಕ್ಕಿಂತ, ಮಾತು ಕೊಡುವಾಗಲೇ ನಿಮ್ಮ ಮನಸ್ಸಿನಲ್ಲಿ ಅದು ಇರಲಿಲ್ಲವೇನೋ ಎಂಬ ಅನುಮಾನ ನನ್ನನ್ನು ಹೆಚ್ಚು ಸುಡುತ್ತಿದೆ. ಅದನ್ನು ಸುಳ್ಳು ಮಾಡುವ ಅವಕಾಶ ನಿಮಗೆ ಈ ವಾರದ ಮಟ್ಟಿಗೆ ಇದೆ.

ಇದನ್ನು ಲಕೋಟೆಯಲ್ಲಿ ಹಾಕಿ ನಿಮಗೊಬ್ಬರಿಗೇ ಕಳಿಸಬಹುದಿತ್ತು. ಕಳಿಸಲಿಲ್ಲ, ಪತ್ರಿಕೆಗೆ ಕೊಟ್ಟೆ. ನದಿಯಾಚೆಯೂ ನಮ್ಮದೇ ಭಾಷೆ, ರಾಗ ಸ್ವಲ್ಪ ಬೇರೆ. ನಿಮ್ಮ ಎಚ್ಚರಿಕೆಗಳನ್ನು ಅವರು ಓದಿ ಹೆದರಲಿ ಎಂದು ಈ ಪತ್ರಿಕೆಯನ್ನು ಆಚೆಗೆ ಒಯ್ಯುವ ದೋಣಿಯೊಂದನ್ನು ಮಾತ್ರ ನೀವು ತಡೆದಿಲ್ಲವಂತೆ. ಆದ್ದರಿಂದ ಈ ಕೊನೆಯ ಸಾಲುಗಳನ್ನು, ತಮ್ಮ ಅಪ್ಪಣೆ ಇಲ್ಲದೆಯೇ, ಬೇರೆಯವರಿಗೆ ಬರೆಯುತ್ತಿದ್ದೇನೆ.

ಮಗಳೇ, ಪುಟ್ಟಿಯ ತೊಟ್ಟಿಲನ್ನು ಕಿಟಕಿಯ ಹತ್ತಿರದಿಂದ ತೆಗೆದು ಒಳಕೋಣೆಗೆ ಸಾಗಿಸು. ಗಾಜಿಗೆ ಒಳಗಡೆಯಿಂದ ದಪ್ಪ ಕಂಬಳಿ ಕಟ್ಟು. ಅವತ್ತು ಸಂಜೆ ಫೋನಿನಲ್ಲಿ ಇದನ್ನೇ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಸದ್ದು ನಿಂತುಹೋಯಿತು. ನಿನ್ನ ಮಾವನಿಗೆ ಹೇಳು, ಫೋನ್ ಕಟ್ ಮಾಡಿದ್ದು ನಾನಲ್ಲ.

ಇಂತಿ,
ನಿಮ್ಮ ಭಾಷಣದ ಅಳತೆಗೆ ಸರಿಯಾಗಿ ಗೋಡೆ ಒಡೆಸಿದ,
ಸೇತುವೆ ತುದಿಯ ಗಾಜಿನಂಗಡಿಯವನು