ಒಂದು ಹನಿಯೂ ಚೆಲ್ಲದ ಸೆನ್ಸರ್

ನನಗೆ ಪಾನಾ, ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದ ಕಾಕಾ,

ಶಾಲೆ ಬಿಟ್ಟು ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ನಿಮ್ಮ ಗ್ಯಾರೇಜಿಗೆ ಬಂದ ಮೊದಲ ವಾರ ನೆನಪಿದೆಯಾ? ಕಾರಿಗೆ ಸ್ಕ್ಯಾನರ್ ಸಿಕ್ಕಿಸಿ, ಪರದೆಯ ಮೇಲೆ ದೋಷದ ಕೋಡ್ ಬಂದ ಕೂಡಲೇ ಎಲ್ಲ ತಿಳಿಯಿತು ಎಂದು ಕುಣಿದಿದ್ದೆ. ನೀವು ನಕ್ಕು, "ಅದು ಅಳೋರನ್ನ ತೋರಸ್ತದ ಸಂಜು. ಹೊಡದೋರನ್ನ ನೀನೇ ಹುಡುಕಬೇಕು" ಅಂದಿರಿ. ನೀವು ತೀರಿಹೋಗಿ ಎಂಟು ತಿಂಗಳಾಯಿತು. ನಾನು ಇನ್ನೂ ಅಳುವವರನ್ನೇ ಹಿಡಿಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಔರಾದದ ಮಾರುತಿ ಅಣ್ಣ ವ್ಯಾನ್ ತಂದ. ಎರಡು ವರ್ಷದಿಂದ ಮಳೆಯಿಲ್ಲ, ದುಡಿಯಲು ಪುಣೆಗೆ ಹೊರಟವರನ್ನು ಅವನೇ ಕರೆದೊಯ್ಯುತ್ತಾನೆ. ಇಂಜಿನ್ನಿನ ಎಚ್ಚರಿಕೆ ದೀಪ ಉರಿಯುತ್ತಿತ್ತು. "ಲಗೂ ಮಾಡೋ, ಭಾಲ್ಕಿಯಾಗ ಮೂರು ಮನಿ ಮಂದಿ ಗಂಟು ಕಟ್ಕೊಂಡು ಕುಂತಾರ" ಅಂದ. ಕೋಡ್ ಬಂದದ್ದು ಇಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರಿನದು. ಬಿಚ್ಚಿ ಹೊಸದು ಹಾಕಿದೆ, ಕೋಡ್ ಅಳಿಸಿದೆ, ದೀಪ ಆರಿತು. ಬಿಚ್ಚುವಾಗ ಒಂದು ಹನಿಯೂ ಚೆಲ್ಲಲಿಲ್ಲ. ನೀರು ಉಳಿಯಿತಲ್ಲ ಎಂದು ಖುಷಿಯಾಯಿತು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಲಿಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ, ಮರೆತದ್ದಲ್ಲ. ಟ್ಯಾಂಕರ್ ಬಂದು ನಾಲ್ಕು ದಿನವಾಗಿತ್ತು, ಡ್ರಮ್ಮಿನಲ್ಲಿ ಗೇಣು ನೀರಿತ್ತು. ನೋಡಿದರೆ ತುಂಬಬೇಕಾಗುತ್ತಿತ್ತು.

ಅವನು ಹೋದ ಮೇಲೆ ಹಳೇ ಸೆನ್ಸರ್ ಎಸೆಯಲು ಕೈಗೆತ್ತಿಕೊಂಡೆ. ಅದರ ತುದಿಯಲ್ಲಿ ಬಿಳಿ ಪದರ, ಒಣಗಿ ಪುಡಿಪುಡಿ. ಹನಿ ಯಾಕೆ ಬೀಳಲಿಲ್ಲ? ಒಳಗೆ ನೀರೇ ಇಲ್ಲದಿದ್ದರೆ ಸೆನ್ಸರ್ ಏನನ್ನು ಅಳೆಯುತ್ತದೆ, ಕಾಕಾ? ಬಿಸಿ ತೋರಿಸುವ ಮುಳ್ಳು ತಣ್ಣಗೇ ನಿಂತಿರುತ್ತದೆ, ಇಂಜಿನ್ ಕುದಿಯುತ್ತಿರುತ್ತದೆ, ಹಿಂದೆ ಮಕ್ಕಳು... ಮಾರುತಿಯ ಫೋನ್ ಬಂದ್ ಇತ್ತು. ಡ್ರಮ್ಮಿನ ನೀರನ್ನೆಲ್ಲ ಎರಡು ಕ್ಯಾನಿಗೆ ಸುರಿದು ಬೈಕಿಗೆ ಕಟ್ಟಿದೆ. ಸ್ಕ್ಯಾನರನ್ನೂ ಪಾನಾಗಳನ್ನೂ ಚೀಲಕ್ಕೆ ಹಾಕಿ, ಬೀಗ ಜಡಿದು ಅವನ ಹಿಂದೆ ಹೊರಟೆ.

ಭಾಲ್ಕಿ ದಾಟಿದ ಮೇಲೆ ವ್ಯಾನ್ ಕಂಡಿತು. ಬಾನೆಟ್ ಎತ್ತಿತ್ತು, ಹಬೆ ಏಳುತ್ತಿತ್ತು. ಮಾರುತಿ ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲೆ ಇಟ್ಟಿದ್ದ. ಅವನ ಮೊಣಕೈ ಹತ್ತಿರವೇ ಒಬ್ಬ ಪುಟ್ಟ ಹುಡುಗಿ ಇಣುಕುತ್ತಿದ್ದಳು.

"ಮುಟ್ಟಬ್ಯಾಡ್ರಿ, ಹಬೆ ಮುಖಕ್ಕ ಚಿಮ್ತದ! ಕೂಸಿನ್ನ ಎಳೀರಿ!" ಎಂದು ಬೈಕಿನಿಂದಲೇ ಕೂಗಿದೆ.

ಯಾರೋ ಎಳೆದುಕೊಂಡರು. ನಾನು ಬೈಕ್ ನಿಲ್ಲಿಸಿ ಹತ್ತಿರ ಹೋದೆ. "ಮಾರುತಿ ಅಣ್ಣಾ, ತಪ್ಪು ನಂದು. ನಮ್ಮ ನೀರು ಖರ್ಚಾಗ್ತದಂತ ಮುಚ್ಚಳ ತೆಗದು ನೋಡ್ಲಿಲ್ಲ."

"ಹಾದ್ಯಾಗ ಬಂದು ಹೇಳ್ತಿ? ನೀ ಡಾಕ್ಟರ್ ಆಗಿದ್ರ ಸುಡಗಾಡಿಗೆ ಬಂದು ನಾಡಿ ನೋಡ್ತಿದ್ದಿ!"

ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಇಂಜಿನ್ ಆರಲು ಬಿಟ್ಟು ಹುಡುಕಿದಾಗ ಹೊಡೆದವನು ಸಿಕ್ಕ: ರೇಡಿಯೇಟರಿನ ಕೆಳಗಿನ ಪೈಪು ತುದಿಯಲ್ಲಿ ಸೀಳಿತ್ತು, ನೀರು ಅಲ್ಲಿಂದಲೇ ಸೋರಿತ್ತು. ಸೀಳಿದಷ್ಟು ಕತ್ತರಿಸಿ ಬಿಗಿದು, ಎರಡೂ ಕ್ಯಾನ್ ಸುರಿದೆ. ಇಂಜಿನ್ ಚಾಲೂ ಆಯಿತು.

"ಇನ್ನ ಪುಣೆ ತನಕ ನಡೀತದಲ್ಲ?" ಅಂದ ಮಾರುತಿ.

ನಾನು ಇಂಜಿನ್ನಿಗೆ ಕಿವಿಗೊಟ್ಟೆ. ಆ ಕಾವಿಗೆ ಒಳಗೆ ಏನು ಸೊಟ್ಟಾಗಿದೆಯೋ! ನೀವಿದ್ದರೆ ಸದ್ದು ಕೇಳಿಯೇ ಹೇಳುತ್ತಿದ್ದಿರಿ. "ಗೊತ್ತಿಲ್ಲಣ್ಣಾ. ಬ್ಯಾರೆ ಗಾಡಿ ಸಿಕ್ತದೇನು ನೋಡ್ರಿ" ಅಂದೆ. ಅರ್ಧ ತಾಸು ಫೋನ್ ಹಚ್ಚಿದ. ಎಲ್ಲರ ಗಾಡಿಗಳೂ ಮೊದಲೇ ತುಂಬಿ ಹೋಗಿದ್ದವು. "ಹಂಗಾದ್ರ ನಾನೂ ಬರ್ತೇನಿ" ಅಂದೆ, ಬೈಕನ್ನು ರಸ್ತೆಬದಿಯಲ್ಲೇ ಬಿಟ್ಟೆ.

ನಿಮಗೆ ತಿಳಿಯದ ಸುದ್ದಿ ಇದು: ನಿಮ್ಮ ಗ್ಯಾರೇಜಿಗೆ ಇವತ್ತು ಬೀಗ. ನಾನು ಡ್ರೈವರ್ ಪಕ್ಕ, ತೊಡೆಯ ಮೇಲೆ ಸ್ಕ್ಯಾನರ್. ಅರ್ಧ ತಾಸಿಗೊಮ್ಮೆ ನಿಲ್ಲಿಸಿ ನೀರು ನೋಡುತ್ತೇವೆ, ನಿಂತಾಗ ಇದನ್ನು ಬರೆಯುತ್ತೇನೆ. ಸೋಲಾಪುರವೇ ಇನ್ನೂ ಬಂದಿಲ್ಲ. ಈಗಷ್ಟೇ ಹಿಂದಿನ ಸೀಟಿನ ಮುದುಕಿ ಬಗ್ಗಿ ಕೇಳಿದಳು.

"ಬಿಸಿ ಎಷ್ಟು ತೋರಸ್ತದೋ ಮಗಾ?"

"ತೊಂಬತ್ತಾರು, ಆಯಿ."

"ಎಷ್ಟಾದ್ರ ಅಂಜಬೇಕು?"

"ನೂರಾ ಹತ್ತು."

ಅವಳು ಗಂಟು ಬಿಚ್ಚಿ, ದಾರಿಗೆಂದು ತಂದ ಕುಡಿಯುವ ನೀರಿನ ಬಾಟಲಿ ತೆಗೆದು ನನ್ನ ಕಾಲ ಬಳಿ ಇಟ್ಟಳು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಕಾಕಾ. ಬೇಕಾಗಬಹುದು.

ನಿಮ್ಮ ಸಂಜು